ಬಲ್ಮಠದ ಗುಡ್ಡ ಇಳಿದು ಹೋದ ಭಾನುವಾರಗಳು

ಮಂಗಳೂರಿನ ಬಲ್ಮಠದಲ್ಲಿರುವ ಸಭಾಪಾಲಕರನ್ನು ತರಬೇತುಗೊಳಿಸುವ ನಮ್ಮ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೆ ನಾನು ಸೇರಿದ್ದು 1988ರಲ್ಲಿ. ಗದಗ-ಬೆಟಗೇರಿ ಕಡೆಯ ಕ್ರೈಸ್ತ ಸಭೆಯೊಂದರಲ್ಲಿ ಬೆಳೆದವನಾದ್ದರಿಂದ, ಸುವಾರ್ತಾಸೇವೆಯೆಂದರೆ ಜಾತ್ರೆಯ ಬಯಲಿನ ಒಂದು ಅಂಚಿನಲ್ಲಿ ಹಾರ್ಮೋನಿಯಂ ಇಟ್ಟು ಹಾಡಿ, ಕರಪತ್ರ ಹಂಚಿ, ಹೊತ್ತು ಮುಳುಗುವುದರೊಳಗೆ ಮನೆ ಸೇರುವುದು ಎಂದೇ ತಿಳಿದಿದ್ದೆ. ಆ ಸೇವೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದನ್ನು ಮಾಡಿದ ಹಿರಿಯರ ಭಕ್ತಿ ದೊಡ್ಡದು. ಆದರೆ ಸಭೆಯ ಹೊರಗಿನವರ ಬಳಿಗೆ ಹೋಗುವುದೆಂದರೆ ಏನೆಂಬುದನ್ನು ನನಗೆ ಕಲಿಸಿದವರು ಬಲ್ಮಠದಲ್ಲಿ ನಮಗೆ ಸಭಾ ಚರಿತ್ರೆ ಹೇಳುತ್ತಿದ್ದ ಗುರುಗಳು. ಸ್ಮರಣ ಸಂಚಿಕೆಗೆ ಬರೆಯಬೇಕೆಂದು ಸಂಪಾದಕರು ಕೇಳಿದಾಗ ಅವರನ್ನು ಬಿಟ್ಟು ಬೇರೇನೂ ಬರೆಯಲು ಮನಸ್ಸಾಗಲಿಲ್ಲ.

ಅವರು ಪಾಠವನ್ನು ನಾವು ಕುಳಿತ ನೆಲದಿಂದಲೇ ಆರಂಭಿಸುತ್ತಿದ್ದರು. 1834ರಲ್ಲಿ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಮಿಷನರಿಗಳು ಮಂಗಳೂರಿಗೆ ಬಂದದ್ದು, ಎರಡು ವರ್ಷಗಳ ತರುವಾಯ ಹೆರ್ಮನ್ ಮೊಗ್ಲಿಂಗ್ ಬಂದದ್ದು, 1843ರಲ್ಲಿ ಅವರು ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ್ದು, ಇವೆಲ್ಲ ಯಾವ ಪುಸ್ತಕದಲ್ಲಾದರೂ ಸಿಗುತ್ತವೆ. ಗುರುಗಳು ನಿಲ್ಲುತ್ತಿದ್ದುದು ಬೇರೆ ಕಡೆ. ಮೊಗ್ಲಿಂಗ್ ಅವರು 1848ರಿಂದ 1853ರವರೆಗೆ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ ಮತ್ತು ದಾಸರ ಪದಗಳನ್ನು ಅಚ್ಚು ಹಾಕಿಸಿದ್ದನ್ನು ಹೇಳಿ, "ಸುವಾರ್ತೆ ಸಾರಲು ಬಂದವನಿಗೆ ಬಸವಪುರಾಣ ಏಕೆ ಬೇಕಾಯಿತು? ಬರೆದುಕೊಂಡು ಬನ್ನಿ" ಎಂದು ಕಳುಹಿಸುತ್ತಿದ್ದರು. ಜನರ ಮನಸ್ಸನ್ನು ಅರಿತು ಅವರನ್ನು ಗೆಲ್ಲುವುದಕ್ಕೆ ಎಂದು ನಮ್ಮಲ್ಲಿ ಹಲವರು ಬರೆದೆವು. ಆ ಉತ್ತರ ತಪ್ಪಲ್ಲವೆಂದು ಅವರು ಒಪ್ಪಿದರು. ಆದರೆ ಗೆಲ್ಲಲೆಂದು ಓದತೊಡಗಿದವನು ಓದುತ್ತ ಓದುತ್ತ ಆ ಪದಗಳಿಗೆ ಮನಸೋಲದೆ ಇಷ್ಟು ವರ್ಷ ಇಂಥ ಕೆಲಸಕ್ಕೆ ತನ್ನನ್ನು ತೆತ್ತುಕೊಳ್ಳಲಾರ ಎಂಬುದನ್ನೂ ಸೇರಿಸಿ ಬರೆಯಿರೆಂದರು. 1862ರಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ 'ಕಥಾಮಾಲೆ' ಎಂದು ಹಾಡಿದ ಕಿಟ್ಟೆಲ್ ಅವರನ್ನೂ ಈ ಸಾಲಿನಲ್ಲಿಯೇ ಇಡುತ್ತಿದ್ದರು. ನಿಘಂಟಿನ ಕಿಟ್ಟೆಲ್ ಎಲ್ಲರಿಗೂ ಗೊತ್ತು. ನೆರೆಯವನ ರಾಗದಲ್ಲಿ ತನ್ನ ದೇವರನ್ನು ಹಾಡಲು ಹೊರಟ ಕಿಟ್ಟೆಲ್ ನಮಗೆ ಬೇಕು ಎನ್ನುತ್ತಿದ್ದರು.

ಮಿಷನ್ನಿನ ಚರಿತ್ರೆಯ ಕಹಿಯನ್ನು ಅವರು ಮುಚ್ಚಿಟ್ಟವರಲ್ಲ. 1844ರಲ್ಲಿ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಎದ್ದ ಕೋಲಾಹಲವನ್ನು ಹೇಳುವಾಗ, ಪತಿಯ ಹಿಂದೆ ಬಾರದೆ ಉಳಿದ ಅವರ ಪತ್ನಿಯ ನೋವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಹೇಳುತ್ತಿದ್ದರು. ಜಾತಿಯೂ ಕಸುಬೂ ತಪ್ಪಿ ಬೀದಿಗೆ ಬಿದ್ದ ಹೊಸ ಕ್ರೈಸ್ತರಿಗೆ ಅನ್ನ ಕೊಟ್ಟದ್ದು ಮಿಷನ್ನಿನ ನೇಯ್ಗೆ ಕಾರ್ಖಾನೆಗಳು ಮತ್ತು 1865ರಲ್ಲಿ ಪ್ಲೆಬ್ಸ್ಟ್ ಕಟ್ಟಿದ ಹೆಂಚಿನ ಕಾರ್ಖಾನೆ. ಅವು ಇಲ್ಲದಿದ್ದರೆ ಎಷ್ಟೋ ಮನೆಗಳ ಒಲೆ ಉರಿಯುತ್ತಿರಲಿಲ್ಲ. ಆದರೆ ಕೆಲಸ, ಮನೆ, ಶಾಲೆ, ಆರಾಧನೆ ಎಲ್ಲವೂ ಒಂದೇ ಕಾಂಪೌಂಡಿನೊಳಗೆ ಸಿಕ್ಕಿದ್ದರಿಂದ ಕ್ರೈಸ್ತರಿಗೂ ಊರಿಗೂ ನಡುವಿನ ಹೋಗಿಬರುವಿಕೆ ಕಡಿಮೆಯಾಯಿತು, ಹೊರಗಿನವರನ್ನು ಕರೆಯಲು ಬಂದ ಮಿಷನ್ ತನ್ನವರನ್ನೇ ಊರಿಗೆ ಹೊರಗಿನವರನ್ನಾಗಿ ಮಾಡಿತು ಎಂಬುದು ಅವರ ಅಭಿಪ್ರಾಯವಾಗಿತ್ತು. ಇಷ್ಟು ವರ್ಷ ಸಭೆಗಳ ಸೇವೆ ಮಾಡಿದ ಮೇಲೆ ನನಗೂ ಅದು ಸರಿಯೆಂದೇ ತೋರುತ್ತದೆ.

ಆದ್ದರಿಂದಲೇ ಭಾನುವಾರ ಮಧ್ಯಾಹ್ನ ನಮ್ಮನ್ನು ಹಳ್ಳಿಗಳಿಗೆ ಕರೆದೊಯ್ಯುವಾಗ ಅವರು ಕರಪತ್ರದ ಚೀಲವನ್ನು ಹಾಸ್ಟೆಲಿನಲ್ಲಿಯೇ ಬಿಡಿಸುತ್ತಿದ್ದರು. ಉತ್ತರ ಕರ್ನಾಟಕದಿಂದ ಬಂದ ನಮಗೆ ತುಳು ಬಾರದು. ಸುಮ್ಮನೆ ಕುಳಿತು ಕೇಳಿ, ಕಲಿಯಿರಿ ಎನ್ನುತ್ತಿದ್ದರು. ಒಂದು ಮನೆಯ ಜಗಲಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ವಯಸ್ಸಾದ ಅಜ್ಜಿಯೊಬ್ಬರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ಇಟ್ಟು ಸುರುಳಿ ಸುತ್ತಿ, ತುದಿಯನ್ನು ಉಗುರಿನಿಂದ ಒಳಗೆ ಮಡಚಿ, ನೂಲು ಸುತ್ತಿ ಮೊರಕ್ಕೆ ಹಾಕುವ ಆ ಬೆರಳುಗಳು ಮಾತಿನ ನಡುವೆ ಒಮ್ಮೆಯೂ ನಿಲ್ಲಲಿಲ್ಲ. "ಮಾಸ್ಟ್ರೇ, ನೀವು ಯಾವ ಕೆಲಸದ ಮೇಲೆ ಬಂದದ್ದು?" ಎಂದು ಅವರು ನೇರವಾಗಿ ಕೇಳಿದರು. "ನಾವು ಇಗರ್ಜಿಯವರು ಅಜ್ಜಿ. ಯೇಸುವಿನ ಕತೆ ಹೇಳುವುದು ನಮ್ಮ ಕೆಲಸ. ನಿಮಗೆ ಬೇಕೆಂದರೆ ಹೇಳುತ್ತೇನೆ, ಬೇಡವಾದರೆ ಕೂತು ಹೋಗುತ್ತೇವೆ" ಎಂದು ಗುರುಗಳೂ ಅಷ್ಟೇ ನೇರವಾಗಿ ಹೇಳಿದರು. ಅಜ್ಜಿ ಮೊದಲು ತಮ್ಮ ಕತೆ ಕೇಳಬೇಕೆಂದರು. ನೇಜಿ (ಭತ್ತದ ಸಸಿ) ನೆಡುವಾಗ ಹಾಡುತ್ತಿದ್ದ, ಅವಳಿ ವೀರರಾದ ಕೋಟಿ ಚೆನ್ನಯರ ಪಾಡ್ದನವನ್ನು (ತುಳು ಕಥನಗೀತೆಯನ್ನು) ಅವರು ಎಳೆದು ಹಾಡತೊಡಗಿದರೆ, ನಡುವೆ ಮರೆತ ಒಂದು ಸಾಲನ್ನು ಗುರುಗಳೇ ಎತ್ತಿಕೊಟ್ಟರು. 1886ರಲ್ಲಿ ಬಾಸೆಲ್ ಮಿಷನರಿ ಮ್ಯಾನರ್ ಅವರು ಪಾಡ್ದನಗಳನ್ನು ಸಂಗ್ರಹಿಸಿ ನಮ್ಮ ಮಿಷನ್ನಿನ ಅಚ್ಚುಕೂಟದಲ್ಲಿಯೇ ಅಚ್ಚು ಹಾಕಿಸಿದ್ದರೆಂದು ನಾನು ತಿಳಿದದ್ದು ಆ ದಿನ ಹಿಂದಿರುಗುವ ದಾರಿಯಲ್ಲಿ. ಮುಂದೊಂದು ಭಾನುವಾರ ಅಜ್ಜಿಯೇ "ಈಗ ನಿಮ್ಮದು ಹೇಳಿ" ಎಂದಾಗ ಗುರುಗಳು ಯೇಸು ಹೇಳಿದ, ಕಳೆದುಹೋದ ಕುರಿಯ ಸಾಮ್ಯವನ್ನು (ದೃಷ್ಟಾಂತ ಕತೆಯನ್ನು) ತುಳುವಿನಲ್ಲಿ ಹೇಳಿದರು. ಮುಗಿದ ಮೇಲೆ ಪ್ರಾರ್ಥನೆಗೆ ಕರೆಯಲಿಲ್ಲ, ಆಹ್ವಾನವನ್ನೂ ಕೊಡಲಿಲ್ಲ. ನಮ್ಮಲ್ಲೊಬ್ಬನಿಗೆ ಇದು ಬಹಳ ಅಸಮಾಧಾನವಾಗಿ, ಅವಕಾಶ ಕೈಬಿಟ್ಟಂತಾಯಿತಲ್ಲವೇ ಎಂದು ಬಸ್ಸಿನಲ್ಲಿಯೇ ಕೇಳಿದ.

ಅದಕ್ಕೆ ಉತ್ತರ ಬಂದದ್ದು ಮರುವಾರದ ತರಗತಿಯಲ್ಲಿ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸಲು ಮಾತ್ರವಲ್ಲದೆ ಪ್ರಸಾರ ಮಾಡಲೂ ಹಕ್ಕು ಕೊಟ್ಟಿದೆ. ಆದರೆ ಪ್ರಸಾರ ಮಾಡುವ ಹಕ್ಕು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿನ ಬಗ್ಗೆ ಕ್ರೈಸ್ತರಲ್ಲಿ ಬೇಸರವಿತ್ತು, ಈಗಲೂ ಇದೆ. ಗುರುಗಳಿಗೂ ಅದರ ಮೇಲೆ ಕಾನೂನಿನ ದೃಷ್ಟಿಯಿಂದ ಆಕ್ಷೇಪಗಳಿದ್ದವು. ಆದರೂ ಅವರು ನಮಗೆ ಹೇಳಿದ್ದು, ಮನುಷ್ಯನ ಹೃದಯವನ್ನು ತಿರುಗಿಸುವುದು ಪವಿತ್ರಾತ್ಮನ ಕೆಲಸವೆಂದು ನಂಬುವವನು ಆ ಕೆಲಸ ತನ್ನದೆಂದು ನ್ಯಾಯಾಲಯದ ಮುಂದೆ ಏಕೆ ವಾದಿಸಬೇಕು ಎಂದು. ಹೇಳುವುದು ನಮ್ಮ ಪಾಲು, ಕೇಳುವುದೂ ನಮ್ಮ ಪಾಲು, ಉಳಿದದ್ದು ಆ ಮನುಷ್ಯನಿಗೂ ದೇವರಿಗೂ ನಡುವಿನದು ಎಂದರು. ಸೇವೆಯ ಹೆಸರಿನಲ್ಲಿ ಅಕ್ಕಿ, ಔಷಧ, ಶಾಲೆಯ ಸೀಟು ತೋರಿಸಿ ಜನರನ್ನು ಕರೆಯುವುದನ್ನು ಅವರಷ್ಟು ಕಟುವಾಗಿ ಖಂಡಿಸಿದವರನ್ನು ಸಭೆಯ ಹೊರಗೂ ನಾನು ಕಂಡಿಲ್ಲ. ಹಸಿದವನಿಗೆ ಅಕ್ಕಿ ಕೊಡಬೇಕಾದದ್ದು ಅವನು ಹಸಿದಿದ್ದಾನೆಂಬ ಒಂದೇ ಕಾರಣಕ್ಕೆ ಎಂಬ ಮಾತನ್ನು ಅವರು ಹೇಳುವಾಗ ದನಿ ಏರುತ್ತಿತ್ತು.

ಕ್ಷೇತ್ರಕಾರ್ಯದ ವರದಿಗೆ ಆಗ ಅಚ್ಚಾದ ನಮೂನೆಯೊಂದಿತ್ತು. ಭೇಟಿಯಾದ ಮನೆಗಳು, ಹಂಚಿದ ಕರಪತ್ರಗಳು, ಆಸಕ್ತರು, ದೀಕ್ಷಾಸ್ನಾನಕ್ಕೆ ಸಿದ್ಧರಾದವರು ಎಂದು ಕಾಲಮುಗಳು. ಗುರುಗಳು ಕೊನೆಯ ಮೂರರಲ್ಲಿ ಸೊನ್ನೆ ಬರೆಸಿ, ಪ್ರತಿ ಮನೆಯಲ್ಲಿ ಯಾರು ಕಾಯಿಲೆಯಲ್ಲಿದ್ದಾರೆ, ಯಾವ ಮಗು ಶಾಲೆ ಬಿಟ್ಟಿದೆ, ಯಾವ ಹಾಡು ಕೇಳಿದೆವು ಎಂಬುದನ್ನು ಬೇರೆ ಹಾಳೆಗಳಲ್ಲಿ ಬರೆಸಿ ಲಗತ್ತಿಸುತ್ತಿದ್ದರು. ಆ ಅಜ್ಜಿ ಕೊನೆಯವರೆಗೂ ತಮ್ಮ ದೈವಗಳನ್ನೇ ನಂಬಿ ಬಾಳಿದರು. ಅವರು ತೀರಿಕೊಂಡಾಗ ಮನೆಯವರು ಗುರುಗಳಿಗೆ ಹೇಳಿಕಳುಹಿಸಿದರು. ಅವರು ಪಾಠ ನಿಲ್ಲಿಸಿ ಹೊರಟರು, ನಾವೂ ಜೊತೆಗೆ ಹೋದೆವು.

ಈಗ ಕಿರಿಯ ಸೇವಕರ ವರದಿಗಳನ್ನು ಓದುವ ಜವಾಬ್ದಾರಿ ನನ್ನ ಮೇಲಿದೆ. ಸಂಖ್ಯೆಗಳನ್ನು ಕೇಳುವವರು ಈಗಲೂ ಇದ್ದಾರೆ, ಅವರಿಗೆ ಸಂಖ್ಯೆ ಕೊಡುತ್ತೇನೆ. ಆದರೆ ಲಗತ್ತಿಸಿದ ಹಾಳೆಗಳಿಲ್ಲದ ವರದಿಗೆ ನಾನು ಸಹಿ ಹಾಕುವುದಿಲ್ಲ.