ತಲೆಕೆಳಗಾಗಿ ಅಂಟಿಸಿದ ಸಾಲು

ಮೂರು ದಿನ ಬಿಡದೆ ಸುರಿದ ಮಳೆಗೆ ಊರಿನ ಮನೆಯ ಮಾಳಿಗೆ ಸೋರಿ, ಅಡುಗೆಮನೆಯ ಅಟ್ಟದ ಮೇಲಿದ್ದ ಅಜ್ಜಿಯ ಕಾಗದದ ಬುಟ್ಟಿ ನೆನೆದುಹೋಗಿದೆ ಎಂಬ ಸುದ್ದಿ ನನಗೆ ತಲುಪಿದ್ದು ಕಳೆದ ಶನಿವಾರ ರಾತ್ರಿ, ಅದೂ ಬೇರೆ ಯಾವುದೋ ಮಾತಿನ ಕೊನೆಗೆ. ಫೋನು ಮಾಡಿದ ವೈನಿಗೆ, ಎಂದರೆ ನನ್ನ ಅತ್ತಿಗೆಗೆ, ನೆನೆದ ಜೋಳದ ಚೀಲಗಳದೇ ಚಿಂತೆಯಾಗಿತ್ತು. ಬುಟ್ಟಿಯ ವಿಷಯವನ್ನು ಅವರು "ಹೊಲಸ ನಾರಾಕತ್ತೈತಿ, ನಾಳೆ ತಿಪ್ಪಿಗೆ ಒಗೀತೇನಿ" ಎಂದು ಒಂದೇ ಉಸಿರಿಗೆ ಮುಗಿಸಿದರು. ವೈನಿ ಕೆಟ್ಟವರಲ್ಲ. ಸೋರುವ ಮನೆಯನ್ನು ಹದಿನೈದು ವರ್ಷಗಳಿಂದ ಬಳಿದು, ಒರೆಸಿ ಉಳಿಸಿಕೊಂಡು ಬಂದವರಿಗೆ, ಹುಬ್ಬಳ್ಳಿಯಲ್ಲಿ ಕುಳಿತು ವರ್ಷಕ್ಕೆರಡು ಸಲ ಬಂದುಹೋಗುವ ನಾವು ಹಳೆಯ ವಸ್ತುಗಳ ಮೇಲೆ ತೋರಿಸುವ ಪ್ರೀತಿ ತೀರಾ ಅಗ್ಗದ್ದೆಂದು ಅನಿಸಿದರೆ ತಪ್ಪೇನೂ ಇಲ್ಲ. ಆದರೂ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ರೋಣದ ಕಡೆಗೆ ಹೊರಟೆ.

ನಮ್ಮ ಕಡೆಯ ಹಳ್ಳಿಮನೆಗಳಲ್ಲಿ ಬೆಳೆದವರಿಗೆ ಈ ಬುಟ್ಟಿಯ ಪರಿಚಯ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಹಪ್ಪಳ, ಶಾವಿಗೆಯ ಕೆಲಸ ಮುಗಿದು, ಹೊಲದ ಕೆಲಸ ಇನ್ನೂ ಶುರುವಾಗದ ದಿನಗಳಲ್ಲಿ ಹೆಂಗಸರು ಇದಕ್ಕೆ ಕೈಹಾಕುತ್ತಿದ್ದರು. ವರ್ಷವಿಡೀ ಕೂಡಿಟ್ಟ ಕಾಗದವನ್ನು ಹರಿದು, ಮೂರು ನಾಲ್ಕು ದಿನ ನೀರಿನಲ್ಲಿ ನೆನೆಹಾಕಿ, ನೆನೆಸಿದ ಮೆಂತ್ಯವನ್ನು ಅದಕ್ಕೆ ಸೇರಿಸಿ ಒರಳಿನಲ್ಲಿ ಒನಕೆಯಿಂದ ಕುಟ್ಟುತ್ತಿದ್ದರು. ಮೆಂತ್ಯದ ಲೋಳೆ ಅಂಟಾಗುತ್ತದೆ, ಅದರ ಕಹಿಗೆ ಹುಳು ಹತ್ತಿರ ಸುಳಿಯುವುದಿಲ್ಲ ಎನ್ನುವುದು ಅಜ್ಜಿಯ ನಂಬಿಕೆ. ಕೊಡವನ್ನು ಬೋರಲು ಹಾಕಿ, ಒದ್ದೆ ಅರಿವೆ ಹೊದಿಸಿ, ಕುಟ್ಟಿದ ಮುದ್ದೆಯನ್ನು ತಳದಿಂದ ತಟ್ಟುತ್ತ ಕೆಳಗೆ ಇಳಿಯಬೇಕು. ಕೊಡದ ಹೊಟ್ಟೆಯವರೆಗೆ ಮಾತ್ರ. ಅದನ್ನು ದಾಟಿದರೆ ಒಣಗಿದ ಮೇಲೆ ಬುಟ್ಟಿ ಕೊಡದಿಂದ ಬಿಡುವುದೇ ಇಲ್ಲ. ನೆರಳಿನಲ್ಲಿ ವಾರವಿಡೀ ಒಣಗಿದ ನಂತರ, ಒರಟು ಮೈ ನುಣುಪಾಗಲೆಂದು ಕಾಗದದ ಪಟ್ಟಿಗಳನ್ನು ಅಂಟಿಸಿ, ಅದರ ಮೇಲೆ ಮತ್ತೊಂದು ಪದರು ಹೊದಿಸಿ, ಹುಣಸೆ ಬೀಜದ ಸರಿ ಬಳಿದರೆ ಮುಗಿಯಿತು. ಖಡಕ್ ರೊಟ್ಟಿಯನ್ನು ತಿಂಗಳುಗಟ್ಟಲೆ ಗರಿಗರಿಯಾಗಿ ಇಡುವ ಆ ಬುಟ್ಟಿಗೆ ಇರುವ ಶತ್ರು ಒಂದೇ, ನೀರು.

ನಾನು ಹೋಗುವಷ್ಟರಲ್ಲಿ ಅತ್ತೆ ಆಗಲೇ ಬಂದು ಬುಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಅವರನ್ನು ಅದೇ ಊರಿಗೆ ಕೊಟ್ಟಿದ್ದರಿಂದ ತವರುಮನೆಯ ಪ್ರತಿಯೊಂದು ಸಾಮಾನಿನ ಮೇಲೂ ಅವರ ಕಣ್ಣು ಇದ್ದೇ ಇರುತ್ತದೆ; ವೈನಿಗೂ ಅವರಿಗೂ ಇರುವ ಮುಸುಕಿನ ಗುದ್ದಾಟಕ್ಕೆ ಇದೇ ಮೂಲ. ಬುಟ್ಟಿಯ ಒಂದು ಪಕ್ಕ ಪೂರ್ತಿ ಮೆತ್ತಗಾಗಿತ್ತು. ಹೊರಗಿನ ಪದರು ಅಂಗೈ ಅಗಲದಷ್ಟು ಕಿತ್ತುಬಂದು ಜೋತುಬಿದ್ದಿತ್ತು. ಅದರ ಕೆಳಗೆ ತಿಳಿನೀಲಿ ಬಣ್ಣದ ಐದು ಪಟ್ಟಿಗಳು ಕಂಡವು. ಇನ್‌ಲ್ಯಾಂಡ್ ಲೆಟರಿನ ಆ ನೀಲಿಯನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ನಾಲ್ಕು ಪಟ್ಟಿಗಳ ಮೇಲೆ ಏನೂ ಉಳಿದಿರಲಿಲ್ಲ. ಮಸಿಯ ಪೆನ್ನಿನ ಬರಹ ನೀರಿಗೆ ಕಲಸಿ ಬರೀ ಮೋಡದಂತಹ ಕಲೆಯಾಗಿತ್ತು. ಐದನೆಯದು ಬಾಲ್‌ಪೆನ್ನಿನಲ್ಲಿ ಬರೆದದ್ದಾದ್ದರಿಂದ ಹಾಗೆಯೇ ಇತ್ತು. ಅದು ತಲೆಕೆಳಗಾಗಿತ್ತು. ನಾನು ಕತ್ತನ್ನು ಹೊರಳಿಸಿ ಓದಿದೆ: "…ರಣಿ ಬಂದ ಆಗಿ ಎರಡು ತಿಂಗಳಾಯಿತು, ಅವ್ವಗ ಹೇಳಬ್ಯಾಡ."

"ಗಿ" ಎಂಬ ಅಕ್ಷರ ಪಕ್ಕದ ಪಟ್ಟಿಯ ಅಡಿಗೆ ಸೇರಿಹೋಗಿತ್ತು. ಗಿರಣಿ. ಅಕ್ಷರ ದೊಡ್ಡಪ್ಪನದು.

ಅತ್ತೆಗೆ ಕನ್ನಡಕವಿಲ್ಲದೆ ಓದಲು ಬರುವುದಿಲ್ಲ. ನಾನು ಓದಿ ಹೇಳಿದಾಗ ಅವರು ಒಂದು ಗಳಿಗೆ ಸುಮ್ಮನಿದ್ದು, ಸೆರಗಿನ ತುದಿಯಿಂದ ಪಟ್ಟಿಯ ಮೇಲಿನ ತೇವವನ್ನು ಒತ್ತಿ ತೆಗೆದರು. ನನಗೆ ಆ ಕ್ಷಣಕ್ಕೆ ಬಂದದ್ದು ದುಃಖವಲ್ಲ, ಸಿಟ್ಟು. ಆ ಮನೆಯಲ್ಲಿ ತಂತಿಗೆ ಚುಚ್ಚಿಟ್ಟ ಪತ್ರಗಳ ದೊಡ್ಡ ಗೊಂಚಲೇ ಇತ್ತೆಂದು ಅಪ್ಪ ಹೇಳುತ್ತಿದ್ದರು. ದೊಡ್ಡಪ್ಪ ಮುಂಬಯಿಯಿಂದ ಬರೆದವು, ಅಪ್ಪ ಧಾರವಾಡದ ಹಾಸ್ಟೆಲಿನಿಂದ ಬರೆದವು, ಅರಿಸಿಣ ಹಚ್ಚಿದ ಮದುವೆಯ ಕರೆಯೋಲೆಗಳು. ಒಂದೂ ಉಳಿದಿಲ್ಲ.

"ಅತ್ತಿ, ಮನ್ಯಾಗಿನ ಪತ್ರ ಎಲ್ಲಾ ಯಾಕ ಕುಟ್ಟಿಬಿಟ್ರಿ?" ಎಂದು ಕೇಳಿದೆ.

"ಓದಿ ಮುಗದಿದ್ವಲ್ಲವಾ" ಎಂದರು ಅತ್ತೆ.

ಈ ವಾರವಿಡೀ ನನ್ನ ತಲೆಯಲ್ಲಿ ತಿರುಗುತ್ತಿರುವುದು ಈ ಉತ್ತರವೇ. ಅವರು ಅದನ್ನು ಹೇಳಿದ ರೀತಿಯಲ್ಲಿ ತಪ್ಪೊಪ್ಪಿಗೆ ಇರಲಿಲ್ಲ, ಸಮರ್ಥನೆಯೂ ಇರಲಿಲ್ಲ. ಉಂಡ ತಾಟನ್ನು ಯಾಕೆ ತೊಳೆದಿರಿ ಎಂದು ನಾನು ಕೇಳಿದ್ದರೆ ಅವರ ಮುಖ ಹೇಗಿರುತ್ತಿತ್ತೋ ಹಾಗೆಯೇ ಇತ್ತು.

ಆದರೆ ಓದಿದವರು ಯಾರು? ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅಜ್ಜ ಆಗಲೇ ತೀರಿಕೊಂಡಿದ್ದರು. ಹತ್ತನೆಯ ಇಯತ್ತೆಯಲ್ಲಿದ್ದ ಅತ್ತೆಯೇ ಮನೆಯ ಓದುಗಾರ್ತಿ. "ಮಾತೋಶ್ರೀಯವರ ಚರಣಗಳಿಗೆ" ಎಂದು ಶುರುವಾಗಿ "ಇತ್ತ ಕಡೆ ಎಲ್ಲರೂ ಕ್ಷೇಮ" ಎಂದು ಮುಂದುವರಿಯುವ ಪತ್ರವನ್ನು ಅವರು ಗಟ್ಟಿಯಾಗಿ ಓದುವುದು, ಅಜ್ಜಿ ಜೋಳ ಹಸನು ಮಾಡುತ್ತ ಕೇಳುವುದು. 1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಶುರುವಾಯಿತು, ಸುಮಾರು 2.5 ಲಕ್ಷ ಕೆಲಸಗಾರರು ಗಿರಣಿಯಿಂದ ಹೊರಗೆ ಉಳಿದರು. ಅದು ಮುಗಿಯಿತೆಂದು ಅಧಿಕೃತವಾಗಿ ಯಾರೂ ಸಾರಲೇ ಇಲ್ಲ, ಹಲವು ಗಿರಣಿಗಳು ಮತ್ತೆ ತೆರೆಯಲೂ ಇಲ್ಲ. ಆ ಲಕ್ಷಾಂತರ ಜನರಲ್ಲಿ ದೊಡ್ಡಪ್ಪ ಒಬ್ಬರು. ಅವರು ಮಹಾ ಅಭಿಮಾನಿ. ಕೆಲಸವಿಲ್ಲದೆ ಪರಳ್‌ನ ಚಾಳಿನಲ್ಲಿ ಕುಳಿತಿದ್ದೇನೆಂದು ತಾಯಿಗೆ ತಿಳಿಯುವುದು ಅವರಿಗೆ ಹಸಿವಿಗಿಂತ ದೊಡ್ಡ ಸಂಕಟವಾಗಿದ್ದಿರಬೇಕು. ಆದ್ದರಿಂದ ಪತ್ರದ ಮೈಯಲ್ಲಿ ಎಲ್ಲವೂ ಕ್ಷೇಮವೆಂದು ಬರೆದು, ಇನ್‌ಲ್ಯಾಂಡಿನ ಕೊನೆಯಲ್ಲಿ ಒಳಗೆ ಮಡಚಿ ಅಂಟಿಸುವ ಆ ಕಿರಿದಾದ ಅಂಚಿನಲ್ಲಿ ತಂಗಿಗೆ ಮಾತ್ರ ಸತ್ಯ ಬರೆದಿದ್ದರು. ಹದಿನೈದು ವರ್ಷದ ಹುಡುಗಿಯ ಮೇಲೆ ಅಷ್ಟು ಭಾರ ಹೊರಿಸಿದ್ದಕ್ಕೆ ನಾನು ದೊಡ್ಡಪ್ಪನನ್ನು ಇಂದಿಗೂ ಪೂರ್ತಿ ಕ್ಷಮಿಸಲಾರೆ. ಅತ್ತೆ ಮಾತ್ರ ಆ ವಿಷಯದಲ್ಲಿ ಅಣ್ಣನ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಆ ಅಂಚನ್ನು ಹರಿದು ನೆನೆಹಾಕುವ ಗುಂಪಿಗೆ ಸೇರಿಸಿದ್ದು ಅತ್ತೆಯೇ. ಧಾರವಾಡದಿಂದ ಅಪ್ಪ ರಜೆಗೆ ಬಂದು ತಂತಿಯಲ್ಲಿದ್ದ ಪತ್ರಗಳನ್ನು ಓದಿದರೆ ಗುಟ್ಟು ಹೊರಬೀಳುತ್ತದೆಂಬ ಹೆದರಿಕೆ. ನೀರಿಗೆ ಬಿದ್ದರೆ, ಒನಕೆಯ ಪೆಟ್ಟು ತಿಂದರೆ, ಯಾವ ಮಾತು ಉಳಿದೀತು? ಮಸಿ ಬಿಟ್ಟ ನೀರು ತಿಳಿನೀಲಿಯಾಗಿತ್ತೆಂದೂ, ಅಕ್ಷರ ತೊಳೆದ ನೀರನ್ನು ಮೋರಿಗೆ ಚೆಲ್ಲಿದರೆ ಸರಸ್ವತಿಯನ್ನು ತುಳಿದಂತೆ ಎಂದು ಅಜ್ಜಿ ಅದನ್ನು ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿದರೆಂದೂ ಅತ್ತೆ ನೆನಪಿಸಿಕೊಂಡರು. ಆದರೆ ಅವರು ಹಾಕಿದ ಪಟ್ಟಿ ಒರಳಿಗೆ ಹೋಗಿರಲಿಲ್ಲ. ಅಜ್ಜಿ ಅದನ್ನು ಗುಂಪಿನಿಂದ ಹೆಕ್ಕಿ ತೆಗೆದು, ಬುಟ್ಟಿಯ ಮೈಗೆ ಅಂಟಿಸಿ, ಮೇಲೆ ಮತ್ತೊಂದು ಪದರು ಹೊದಿಸಿ ಮುಚ್ಚಿದ್ದರು. ನಾಲ್ಕು ದಶಕಗಳ ಕಾಲ ಅದು ಅಲ್ಲಿತ್ತು. ಅತ್ತೆಗೇ ತಿಳಿದದ್ದು ಮೊನ್ನೆ ಭಾನುವಾರ.

"ಪಾಪ, ಅಜ್ಜಿಗೆ ಓದಾಕ ಬರತಿರಲಿಲ್ಲ, ಅದಕ್ಕ ತಲಿಕೆಳಗ ಅಂಟಿಸ್ಯಾಳ" ಎಂದೆ ನಾನು. ಓದು ಬಲ್ಲವರ ಜಾಣತನ ಎಂತಹ ಮಂದವಾದದ್ದು ಎನ್ನುವುದಕ್ಕೆ ನನ್ನ ಈ ಮಾತೇ ಸಾಕ್ಷಿ.

ಅತ್ತೆ ನನ್ನನ್ನು ನೋಡಿ, ಏನೂ ಹೇಳದೆ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬೋರಲು ಹಾಕಿದರು. ಪಟ್ಟಿಯ ಸಾಲು ನೆಟ್ಟಗೆ ನಿಂತಿತು. "ಪಟ್ಟಿ ಹಚ್ಚೂ ಮುಂದ ಬುಟ್ಟಿ ಕೊಡದ ಮ್ಯಾಲ ಬೋರಲ ಇರತಿತ್ತಲ್ಲವಾ" ಎಂದರು.

ನಾನು ಆ ನೋಟವನ್ನು ಎಷ್ಟು ಸಲ ಮತ್ತೆ ಮತ್ತೆ ಕಣ್ಣ ಮುಂದೆ ತಂದುಕೊಂಡಿದ್ದೇನೋ ಲೆಕ್ಕವಿಲ್ಲ. ಬುಟ್ಟಿ ತಿರುಗುತ್ತದೆ, ಅಕ್ಷರಗಳು ಎದ್ದು ನಿಲ್ಲುತ್ತವೆ, "ಅವ್ವಗ ಹೇಳಬ್ಯಾಡ" ಎಂಬ ಮಾತು ಅವ್ವ ಕುಳಿತಿದ್ದ ಜಾಗದ ಕಡೆಗೇ ಮುಖ ಮಾಡುತ್ತದೆ. ಉಳಿದ ನಾಲ್ಕು ಪಟ್ಟಿಗಳು ಅಡ್ಡಡ್ಡ, ಓರೆಯಾಗಿ, ಹೇಗೆ ಬೇಕೋ ಹಾಗೆ ಬಿದ್ದಿವೆ. ಇದೊಂದೇ ನೆಟ್ಟಗಿದೆ. ಐದರಲ್ಲಿ ಒಂದು ನೆಟ್ಟಗೆ ಬೀಳುವುದಕ್ಕೆ ಪವಾಡವೇನೂ ಬೇಕಿಲ್ಲ ಎಂದು ನನಗೂ ಗೊತ್ತು. ಇನ್‌ಲ್ಯಾಂಡಿನ ಕಾಗದ ಗಟ್ಟಿಯಾದ್ದರಿಂದ ಪಟ್ಟಿಗೆ ಒಳ್ಳೆಯದೆಂದು ಹೆಕ್ಕಿರಬಹುದು. ಅಷ್ಟೇ ಇರಬಹುದು.

ಆದರೆ ಮನಿಯಾರ್ಡರಿನ ವಿಷಯವೊಂದಿದೆ. ಪ್ರತಿ ತಿಂಗಳು ಮುಂಬಯಿಯಿಂದ ಬರುತ್ತಿದ್ದ ಮನಿಯಾರ್ಡರಿನ ಫಾರ್ಮಿಗೆ ಹೆಬ್ಬೆಟ್ಟು ಒತ್ತುತ್ತಿದ್ದವರು ಅಜ್ಜಿ. ಫೆಬ್ರುವರಿಯಿಂದ ಆ ಹೆಬ್ಬೆಟ್ಟಿಗೆ ಮಸಿ ತಗಲಿರಲಿಲ್ಲ. ಟಪಾಲಿನವನಿಗೆ ಮೈಯಲ್ಲಿ ಹುಷಾರಿಲ್ಲ, ಅಣ್ಣ ಒಟ್ಟಿಗೆ ಕಳಿಸುತ್ತಾನಂತೆ ಎಂದು ಅತ್ತೆ ಪತ್ರದಲ್ಲಿ ಇಲ್ಲದ್ದನ್ನೂ ಸೇರಿಸಿ ಓದುತ್ತಿದ್ದರು. ಅಜ್ಜಿ ಒಮ್ಮೆಯೂ "ಇನ್ನೊಮ್ಮೆ ಓದು" ಎನ್ನಲಿಲ್ಲವಂತೆ. ಮೊದಲೆಲ್ಲ ಒಂದೊಂದು ಪತ್ರವನ್ನು ಮೂರು ಸಲ ಓದಿಸಿಕೊಳ್ಳುತ್ತಿದ್ದವರು, ಆ ವರ್ಷ ಒಂದೇ ಸಲಕ್ಕೆ ಸಾಕು ಎನ್ನುತ್ತಿದ್ದರಂತೆ. ಅತ್ತೆ ಇದನ್ನು ಹೇಳಿ, ತಾವೇ ಹೇಳಿದ ಮಾತನ್ನು ಮೊದಲ ಬಾರಿಗೆ ಕೇಳಿಸಿಕೊಂಡವರಂತೆ ಕುಳಿತುಬಿಟ್ಟರು. ಮುಂದಿನ ವರ್ಷ ದೊಡ್ಡಪ್ಪ ಒಂದು ಟ್ರಂಕಿನೊಂದಿಗೆ ಊರಿಗೆ ಮರಳಿದಾಗ ಅಜ್ಜಿ ಕೇಳಿದ್ದು "ಉಂಡಿಯೇನು?" ಎಂದಷ್ಟೇ.

ನನ್ನ ಗೆಳತಿಯೊಬ್ಬಳು ಈಚೆಗೆ ಕಾಗದದ ಕರಕುಶಲ ಕಲೆಯ ತರಗತಿಗೆ ಹೋಗಿಬಂದಳು. ಮಿಕ್ಸಿಯಲ್ಲಿ ಕಾಗದ ರುಬ್ಬಿ, ಫೆವಿಕಾಲ್ ಕಲಸಿ ಚಂದದ ಬಟ್ಟಲುಗಳನ್ನು ಮಾಡಿದ್ದಾಳೆ. ಬೆಂಗಳೂರಿನಲ್ಲಿರುವ ಮಗನಿಗೆ ಅವನ ಬಾಲ್ಯದ ಫೋಟೋಗಳನ್ನು ಒಂದು ಬಟ್ಟಲಿಗೆ ಅಂಟಿಸಿ, ಮೇಲೆ ವಾರ್ನಿಷ್ ಬಳಿದು ಕಳಿಸಿದಳು. ಅದನ್ನು ನೋಡಿ ನಾನು ಹೊಟ್ಟೆಕಿಚ್ಚು ಪಟ್ಟವಳೇ. ಆದರೆ ಅಲ್ಲಿ ನೆನಪು ಬಟ್ಟಲಿನ ಹೊರಗೆ ಹೊಳೆಯುತ್ತ ನಿಂತಿದೆ, ಬಟ್ಟಲಿಗೆ ಬೇರೆ ಕೆಲಸವಿಲ್ಲ. ಅಜ್ಜಿಯ ಬುಟ್ಟಿಯಲ್ಲಿ ಅದು ರೊಟ್ಟಿಯನ್ನು ಹೊರುವ ಗೋಡೆಯಾಗಿತ್ತು. ದೊಡ್ಡಪ್ಪ ಊರಿಗೆ ಮರಳಿದ ಮೇಲೆ ಹತ್ತಾರು ವರ್ಷ ಅದೇ ಬುಟ್ಟಿಯಿಂದ ರೊಟ್ಟಿ ತೆಗೆದು ತಿಂದರು, ಕೈಯಿಂದ ಎರಡು ಬೆರಳಿನ ದೂರದಲ್ಲಿ ತಮ್ಮದೇ ಅಕ್ಷರವಿದೆ ಎಂದು ತಿಳಿಯದೆ.

ಬರೆದದ್ದು ಉಳಿಯಲೇಬೇಕು ಎಂಬ ಹಟ ನಮ್ಮ ಹಿರಿಯರಿಗೆ ಎಲ್ಲ ಕಡೆಯೂ ಇರಲಿಲ್ಲ. ಇಂದು ಕಚೇರಿಯ ಫೈಲಿಗೆ ನಾವು ಬಳಸುವ "ಕಡತ" ಎಂಬ ಮಾತು ಮೂಲದಲ್ಲಿ ಹುಣಸೆ ಬೀಜದ ಸರಿಗೆ ಇದ್ದಿಲು ಕಲಸಿ ಬಳಿದ, ಮಡಚಿಡುವ ಬಟ್ಟೆಯ ಪುಸ್ತಕದ ಹೆಸರು. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಶೃಂಗೇರಿ ಮಠದ ಹಳೆಯ ಲೆಕ್ಕಪತ್ರಗಳು ಅಂತಹ ಕಡತಗಳಲ್ಲಿವೆ. ಅಜ್ಜಿ ತನ್ನ ಬುಟ್ಟಿಗೆ ಬಳಿದದ್ದೂ ಅದೇ ಹುಣಸೆ ಬೀಜದ ಸರಿ. ಪತ್ರಗಳನ್ನು ಕುಟ್ಟಿದ್ದಕ್ಕೆ ಸಿಟ್ಟಾದ ನಾನು, ನನ್ನ ಮೊಬೈಲಿನಲ್ಲಿ ಅಪ್ಪ ಕಳಿಸಿದ್ದ ನೂರಾರು ಸಂದೇಶಗಳನ್ನು ಅವರು ಹೋದ ಮೇಲೆ ಒಂದು ಸಲವೂ ತೆರೆದು ನೋಡಿಲ್ಲ.

ಅಂದು ರಾತ್ರಿ ಅಲ್ಲಿಯೇ ಉಳಿದೆ. ಅತ್ತೆ ಮೆಂತ್ಯ ನೆನೆಹಾಕಿ, ತೇಪೆಗೆ ಕಾಗದ ಬೇಕೆಂದರು. ಮನೆಯಲ್ಲಿ ಸಿಕ್ಕಿದ್ದೆಲ್ಲ ಮಿರುಗುವ ಜಾಹೀರಾತು ಹಾಳೆಗಳು. ಅವು ಬೇಗ ಮೆತ್ತಗಾಗುವುದಿಲ್ಲ ಎಂದು ಅವರು ಪಕ್ಕಕ್ಕೆ ಸರಿಸಿದರು. "ಕೈಲೆ ಬರದದ್ದು ಏನೂ ಇಲ್ಲೇನು ಈ ಮನ್ಯಾಗ?" ಎಂದು ಅವರು ಕೇಳಿದ ಧ್ವನಿಯಲ್ಲಿ ವೈನಿಗೆ ಕುಟುಕುವ ಉದ್ದೇಶವೂ ಇತ್ತು. ವೈನಿ ಉತ್ತರ ಕೊಡದೆ ಒಳಗೆ ಹೋಗಿ, ಗೋಡೆಯ ಮೊಳೆಗೆ ತೂಗುಹಾಕಿದ್ದ ಹಾಲಿನ ಲೆಕ್ಕದ ನೋಟುಬುಕ್ಕುಗಳನ್ನು ತಂದು ಅತ್ತೆಯ ಮುಂದಿಟ್ಟರು. ಐದಾರು ವರ್ಷಗಳ ಲೆಕ್ಕ. ಅರ್ಧ ಲೀಟರು, ಒಂದು ಲೀಟರು, ಹಬ್ಬದ ದಿನ ಎರಡು ಲೀಟರು.

"ಇವು ಬೇಕಾಗೂದಿಲ್ಲೇನ?" ಎಂದೆ.

"ಲೆಕ್ಕ ತೀರೇತಿ" ಎಂದರು ವೈನಿ.

ಕುದಿಯುವ ನೀರು ಸುರಿದು ರಾತ್ರಿಯಿಡೀ ಬಿಟ್ಟ ಆ ಹಾಳೆಗಳನ್ನು ಬೆಳಿಗ್ಗೆ ಅವರಿಬ್ಬರೂ ಎದುರುಬದುರು ಕುಳಿತು ಕುಟ್ಟಿದರು. ಬುಟ್ಟಿಯನ್ನು ಮತ್ತೆ ಕೊಡದ ಮೇಲೆ ಬೋರಲು ಹಾಕಿ ತೇಪೆ ತಟ್ಟಿದ್ದಾಯಿತು. ದೊಡ್ಡಪ್ಪನ ಸಾಲನ್ನು ತೆರೆದೇ ಬಿಡೋಣ, ಕಾಣುವಂತೆ ಇರಲಿ ಎಂದು ನಾನು ಅಂಗಲಾಚಿದೆ. ಅತ್ತೆ ಒಪ್ಪಲಿಲ್ಲ. "ಹೇಳಬ್ಯಾಡ ಅಂತ ಬರದಾನ" ಎಂದು, ಕಿತ್ತ ಪದರಿಗೆ ಸರಿ ಸವರಿ, ಅಂಗೈಯಿಂದ ಒತ್ತಿ ಮುಚ್ಚಿದರು. ಅದಕ್ಕೂ ಮೊದಲು ಅವರು ಕೈತೊಳೆಯಲು ಎದ್ದಿದ್ದಾಗ ನಾನು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡದ್ದನ್ನು ಅವರಿಗೆ ಇನ್ನೂ ಹೇಳಿಲ್ಲ.

ಇಂದು ಗುರುವಾರ. ಸಂಜೆ ವೈನಿಯೇ ಫೋನು ಮಾಡಿದ್ದರು. ಬಿಸಿಲು ಬಿದ್ದಿಲ್ಲವಂತೆ, ತೇಪೆ ಇನ್ನೂ ಹಸಿ ಇದೆಯಂತೆ, ಮನೆಯೆಲ್ಲ ಮೆಂತ್ಯದ ವಾಸನೆಯಂತೆ.