ಸಯಾನಿಗೂ ನಮ್ಮೂರಿನ ದನಿಗಳಿಗೂ

2024ರ ಫೆಬ್ರುವರಿಯಲ್ಲಿ ರೇಡಿಯೊ ಉದ್ಘೋಷಕ ಅಮೀನ್ ಸಯಾನಿ ತೀರಿಕೊಂಡರೆಂದು ಓದಿದಾಗ ನನಗೆ ನೆನಪಾದದ್ದು ದೊಡ್ಡಪ್ಪನ ಗದರಿಕೆ. ಉಡುಪಿಯ ನಮ್ಮ ಮನೆಯಲ್ಲಿ ಬುಧವಾರ ರಾತ್ರಿ ಎಂಟಕ್ಕೆ ರೇಡಿಯೊ ಸಿಲೋನ್ ಹಚ್ಚಿದರೆ ಯಾರೂ ಕೆಮ್ಮುವಂತಿರಲಿಲ್ಲ. ಮಳೆಗಾಲದಲ್ಲಿ ಗುಡುಗಿದಾಗಲೆಲ್ಲ ಶಾರ್ಟ್‌ವೇವ್ ಕರಕರ ಎನ್ನುತ್ತಿತ್ತು. ದೊಡ್ಡಪ್ಪ ಸ್ಪೀಕರಿನ ಬಟ್ಟೆಗೇ ಕಿವಿ ಒತ್ತಿ ಕೂರುತ್ತಿದ್ದರು. ಸಯಾನಿಯ ‘ಬಹನೋ ಔರ್ ಭಾಯಿಯೋ’ ಕೇಳಿದೊಡನೆ ಹಿಂದಿಯ ಗಂಧವಿಲ್ಲದ ಅಜ್ಜಿ, “ಬಂದ ಮಾರಾಯ” ಎನ್ನುತ್ತಿದ್ದರು.

ಸಯಾನಿ ನಡೆಸಿಕೊಡುತ್ತಿದ್ದ ಆ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ, ಬಿನಾಕಾ ಗೀತಮಾಲಾ, ಶುರುವಾದದ್ದು 1952ರಲ್ಲಿ. ಮಂಗಳೂರು ಆಕಾಶವಾಣಿ ಬಂದದ್ದು 1976ರಲ್ಲಿ. ಆಮೇಲೆ ತುಳು, ಕೊಂಕಣಿ ದನಿಗಳೂ ಜಗಲಿಗೆ ಬಂದವು. ಯಕ್ಷಗಾನ ಪ್ರಸಾರಕ್ಕೆ ಮುನ್ನ ಭಾಗವತರ, ಮದ್ದಳೆಗಾರರ ಹೆಸರುಗಳನ್ನು ಒಂದೂ ತಪ್ಪದೆ ಹೇಳುತ್ತಿದ್ದ ಉದ್ಘೋಷಕರಲ್ಲಿ ಹಲವರು ಈಗಿಲ್ಲ. ಸಯಾನಿಗೆ ಪತ್ರಿಕೆಗಳು ಪುಟಗಳನ್ನೇ ಕೊಟ್ಟವು, ಸರಿಯೇ. ಇವರಿಗೆ ನಾಲ್ಕು ಸಾಲು ಸಿಕ್ಕಿದ್ದರೆ ಹೆಚ್ಚು. ನನಗೆ ಸಿಟ್ಟಿರುವುದು ಅದಕ್ಕೆ.