ಟ್ರಂಕಿನ ಮೂರು ಫೆಲ್ಟ್ ಹ್ಯಾಟುಗಳು: ಮಳೆಗಾಲದ ದುರಸ್ತಿಯ ದಿನಚರಿ

ಜೂನ್ 14

ನಮ್ಮ ಹವ್ಯಾಸಿ ಕನ್ನಡ ನಾಟಕ ತಂಡದ ಉಡುಪಿನ ಟ್ರಂಕನ್ನು ಮಾಟುಂಗದಿಂದ ಡೊಂಬಿವಲಿಯ ನಮ್ಮ ಮನೆಗೆ ತರಿಸಿ ತೆರೆದಾಗ, ಕೋಟು, ಪೇಟ, ಅಂಟು ಮೀಸೆಗಳ ಅಡಿಯಲ್ಲಿ ಮೂರು ಫೆಲ್ಟ್ ಹ್ಯಾಟುಗಳು ಹಪ್ಪಳದ ಹಾಗೆ ಒತ್ತಿಕೊಂಡು ಬಿದ್ದಿದ್ದವು. ಆಗಸ್ಟ್ ಕೊನೆಯ ಪ್ರಯೋಗದಲ್ಲಿ ಕಲೆಕ್ಟರ್ ಸಾಹೇಬನಿಗೂ ಅವನ ಇಬ್ಬರು ಜೊತೆಗಾರರಿಗೂ ಹ್ಯಾಟು ಬೇಕು. ಬಾಡಿಗೆಗೆ ಸಿಗುವವು ರಟ್ಟಿನಂತೆ ಕಾಣುತ್ತವೆ. ಆದ್ದರಿಂದ ಇವನ್ನೇ ಮನೆಯಲ್ಲಿ ಸರಿಪಡಿಸುವುದೆಂದು ನಿರ್ಧರಿಸಿದೆ.

ಕಂದು ಬಣ್ಣದ್ದು ತುಪ್ಪಳದ ಫೆಲ್ಟು. ಅದರ ನೆತ್ತಿ ಕುಸಿದಿದೆ, ಉಳಿದಂತೆ ಗಟ್ಟಿಯಾಗಿದೆ. ಬೂದು ಬಣ್ಣದ್ದಕ್ಕೆ ಬೂಷ್ಟು ಹಿಡಿದಿದೆ, ಅಂಚು ಜೋತುಬಿದ್ದಿದೆ. ಕಪ್ಪು ಹ್ಯಾಟು ಕುರಿಯ ಉಣ್ಣೆಯದು. ರಿಬ್ಬನ್ನಿನ ಕೆಳಗೆ ಹುಳು ತಿಂದ ಐದಾರು ತೂತುಗಳಿವೆ.

ಚಳ್ಳಕೆರೆ ಕಡೆಯ ಕಂಬಳಿಯನ್ನು ನೋಡಿ ಬೆಳೆದ ನನಗೆ ಫೆಲ್ಟೂ ಒಂದು ಬಗೆಯ ದಪ್ಪ ನೇಯ್ಗೆ ಎಂಬ ಭಾವನೆಯಿತ್ತು. ಅದು ತಪ್ಪು. ಫೆಲ್ಟಿನಲ್ಲಿ ಹಾಸು ಹೊಕ್ಕು ಎಂಬುದೇ ಇಲ್ಲ. ಕೂದಲಿನ ಮೈಮೇಲಿರುವ ಸೂಕ್ಷ್ಮ ಹುರುಪೆಗಳು ಬಿಸಿ, ತೇವ ಮತ್ತು ಉಜ್ಜುವಿಕೆಯಿಂದ ಒಂದಕ್ಕೊಂದು ಕಚ್ಚಿಕೊಂಡು ಹಾಳೆಯಂತಾಗುತ್ತವೆ. ಬಿಸಿ ಮತ್ತು ತೇವದಿಂದ ಹುಟ್ಟಿದ್ದನ್ನು ಅವುಗಳಿಂದಲೇ ಮತ್ತೆ ಮೆತ್ತಗೆ ಮಾಡಿ ಬೇಕಾದ ಆಕಾರಕ್ಕೆ ತರಬಹುದು. ಹಾಗೆಯೇ ಅವು ಅತಿಯಾದರೆ ಹ್ಯಾಟು ಕುಗ್ಗುತ್ತದೆ, ಉಣ್ಣೆಯದಂತೂ ಬೇಗ ಕುಗ್ಗುತ್ತದೆ.

ಜೂನ್ 16

ಕಪ್ಪು ಹ್ಯಾಟನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಾಳಿಯಾಡದಂತೆ ಕಟ್ಟಿ, ಫ್ರೀಜರಿನಲ್ಲಿ ಇರಿಸಿದೆ. ಹುಳುವೂ ಅದರ ಮೊಟ್ಟೆಯೂ ಸಾಯಬೇಕಾದರೆ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಬೇಕು. “ಐಸ್‌ಕ್ರೀಮ್ ಇಡೋ ಜಾಗದಲ್ಲಿ ಕುರಿ ಕೂದಲು ಇಡ್ತೀಯೇನಮ್ಮಾ?” ಎಂದು ಅತ್ತೆಯವರು ಕೇಳಿದರು. ಚೀಲ ಎರಡು ಪದರದ್ದೆಂದು ತೋರಿಸಿದ ಮೇಲೆ ಸುಮ್ಮನಾದರು, ಒಪ್ಪಲಿಲ್ಲ.

ಬೂದು ಹ್ಯಾಟಿನ ಬೂಷ್ಟನ್ನು ಬಾಲ್ಕನಿಯಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಒಣ ಬ್ರಶ್ಶಿನಿಂದ ತೆಗೆದೆ. ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಫೆಲ್ಟಿನೊಳಕ್ಕೇ ಇಳಿಯುತ್ತದೆ. ಮಾಸ್ಕಿಗೆ ಇನ್ನೊಂದು ಕಾರಣವೂ ಇತ್ತು. ಹಿಂದಿನ ಕಾಲದಲ್ಲಿ ತುಪ್ಪಳವನ್ನು ಫೆಲ್ಟಿಗೆ ಹದಗೊಳಿಸಲು ಪಾದರಸದ ನೈಟ್ರೇಟನ್ನು ಬಳಸುತ್ತಿದ್ದರು, ಅದರ ಆವಿಯಿಂದ ಹ್ಯಾಟು ಮಾಡುವವರ ನರಗಳೇ ಕೆಡುತ್ತಿದ್ದವು. ಅಮೆರಿಕದಲ್ಲಿ ಈ ಪದ್ಧತಿ ನಿಂತದ್ದು 1941ರಲ್ಲಿ. ನಮ್ಮ ಹ್ಯಾಟುಗಳು ಅಷ್ಟು ಹಳೆಯವಾಗಿರಲಿಕ್ಕಿಲ್ಲ. ಆದರೂ ಊರು ವಯಸ್ಸು ತಿಳಿಯದ ಫೆಲ್ಟಿಗೆ ಮುಚ್ಚಿದ ಅಡುಗೆಮನೆಯಲ್ಲಿ ಹಬೆ ಕೊಡುವುದು ಜಾಣತನವಲ್ಲವೆಂದು ಒಲೆಯನ್ನು ಕಿಟಕಿಯ ಬಳಿಗೆ ಸರಿಸಿದ್ದೇನೆ.

ಜೂನ್ 21

ಇಂದು ಕೆಟ್ಟ ಕೆಲಸವಾಯಿತು. ಕಂದು ಹ್ಯಾಟಿನ ಒಳಪಟ್ಟಿಯ ಮೇಲೆ 7⅛ ಎಂದು ಅಚ್ಚಾಗಿದೆ. ತಲೆಯ ಸುತ್ತಳತೆಯನ್ನು ಪೂರ್ಣ ವೃತ್ತವೆಂದು ಭಾವಿಸಿದರೆ ಎಷ್ಟು ಅಂಗುಲ ವ್ಯಾಸ ಬರುತ್ತದೋ ಅದೇ ಈ ಅಂಕಿ. ಸೆಂಟಿಮೀಟರಿನಲ್ಲಿ ವ್ಯಾಸ ಸುಮಾರು 18, ಸುತ್ತಳತೆ 57. ಲೆಕ್ಕವನ್ನು ಅಕ್ಷರಶಃ ನಂಬಿ, 18 ಸೆಂ.ಮೀ. ವ್ಯಾಸದ ಸ್ಟೀಲ್ ಡಬ್ಬವನ್ನೇ ಅಚ್ಚು ಮಾಡಿಕೊಂಡು, ಹಬೆ ಕೊಟ್ಟ ಹ್ಯಾಟನ್ನು ಅದರ ಮೇಲೆ ಎಳೆದು ಕೂರಿಸಿದೆ. ಒಣಗಿದ ಮೇಲೆ ಸುತ್ತಳತೆ ಸರಿಯಾಗಿಯೇ ಇತ್ತು. ಕಲೆಕ್ಟರನ ಪಾತ್ರಧಾರಿ ಹಾಕಿಕೊಂಡಾಗ ಹಣೆಗೆ ಒತ್ತಿತು, ಕಿವಿಯ ಮೇಲೆ ಎರಡೂ ಕಡೆ ಬೆರಳು ತೂರುವಷ್ಟು ಸಂದು ಬಿತ್ತು. ಮನುಷ್ಯನ ತಲೆ ಮೊಟ್ಟೆಯಾಕಾರದ್ದು, ಡಬ್ಬದ ಆಕಾರದ್ದಲ್ಲ. ಇಷ್ಟು ಸರಳ ಸಂಗತಿ ಗಣಿತದ ನಡುವೆ ನನಗೆ ಹೊಳೆಯಲೇ ಇಲ್ಲ.

ಜೂನ್ 28

ಪಕ್ಕದ ಬೀದಿಯ ಬಡಗಿಯಿಂದ ಉಳಿಕೆ ಪ್ಲೈವುಡ್ಡಿನ ತುಂಡುಗಳನ್ನು ತಂದು, ಒಂದರ ಮೇಲೊಂದು ಅಂಟಿಸಿ, ಉದ್ದ 20, ಅಗಲ 16 ಸೆಂ.ಮೀ. ಇರುವ ಅಂಡಾಕಾರದ ಅಚ್ಚು ಮಾಡಿಸಿದೆ. ಸುತ್ತ ಟೇಪು ಹಿಡಿದರೆ 57ಕ್ಕೆ ಕೂದಲೆಳೆಯಷ್ಟು ಕಡಿಮೆ. ಮೇಲಂಚನ್ನು ಉಪ್ಪುಕಾಗದದಿಂದ ಗುಂಡಗೆ ಉಜ್ಜಿ, ಮರದ ಬಣ್ಣ ಫೆಲ್ಟಿಗೆ ಹತ್ತದಂತೆ ತೆಳು ಪ್ಲಾಸ್ಟಿಕ್ ಹೊದಿಸಿದೆ.

ಹಬೆ ಕೊಡುವ ಮುನ್ನ ಚರ್ಮದ ಒಳಪಟ್ಟಿಯನ್ನು ಹೊರಕ್ಕೆ ಮಗುಚುವುದನ್ನು ಯಾರೂ ಮರೆಯಬಾರದು. ಹಬೆ ತಾಗಿದ ಚರ್ಮ ಮುರುಟುತ್ತದೆ, ಮುರುಟಿದ ಚರ್ಮ ಹ್ಯಾಟನ್ನೂ ಬಿಗಿಯುತ್ತದೆ, ಆಮೇಲೆ ಫೆಲ್ಟನ್ನು ಎಷ್ಟು ಎಳೆದರೂ ಪ್ರಯೋಜನವಿಲ್ಲ. ಕುದಿಯುವ ಪಾತ್ರೆಯಿಂದ ಒಂದು ಗೇಣು ಮೇಲೆ ಹಿಡಿದು ತಿರುಗಿಸುತ್ತಾ ಹೋದಾಗ, ಎರಡು ಮೂರು ನಿಮಿಷಗಳಲ್ಲಿ ನೆತ್ತಿ ಚಪಾತಿ ಹಿಟ್ಟಿನಂತೆ ಸಡಿಲವಾಯಿತು. ಅಚ್ಚಿಗೆ ಎಳೆದು, ನೆತ್ತಿಯೂ ಅಂಚೂ ಕೂಡುವಲ್ಲಿ ಹತ್ತಿಯ ಹುರಿ ಬಿಗಿದು, ಬಿಸಿ ಇರುವಾಗಲೇ ಅಂಗೈಯ ಅಂಚಿನಿಂದ ನಡುವಿನ ಗುಳಿಯನ್ನೂ, ಬೆರಳುಗಳಿಂದ ಮುಂಭಾಗದ ಎರಡು ಚಿವುಟುಗಳನ್ನೂ ಮೂಡಿಸಿದೆ.

ಮುಂದಿನದು ಕಾಯುವ ಕೆಲಸ. ಹೊರಗೆ ಎಡೆಬಿಡದ ಮಳೆ, ಒಳಗೆ ಒಣಹಾಕಿದ ಬಟ್ಟೆಗಳ ವಾಸನೆ. ಒಣ ಸೀಮೆಯಲ್ಲಿ ರಾತ್ರಿ ಕಳೆಯುವುದರೊಳಗೆ ಮುಗಿಯಬಹುದಾದ ಕೆಲಸಕ್ಕೆ ಇಲ್ಲಿ ಫ್ಯಾನಿನ ಕೆಳಗೆ ಮೂರು ದಿನ ಹಿಡಿಯಿತು. ಹೇರ್ ಡ್ರೈಯರ್ ತರುವ ಆಸೆಯಾಯಿತು, ತರಲಿಲ್ಲ. ಅವಸರದ ಬಿಸಿಗೆ ಮೇಲ್ಮೈ ಒಣಗಿ, ಒಳಗೆ ಹಸಿ ಉಳಿದು, ಅಚ್ಚಿನಿಂದ ತೆಗೆದೊಡನೆ ಆಕಾರ ಮತ್ತೆ ಕುಗ್ಗುತ್ತದೆ.

ಜುಲೈ 1

ಕಂದು ಹ್ಯಾಟು ಅಚ್ಚಿನಿಂದ ಹೊರಬಂದಿದೆ, ಹಣೆಗೆ ಒತ್ತುವುದಿಲ್ಲ. ಕಪ್ಪು ಹ್ಯಾಟು ಫ್ರೀಜರಿನಿಂದ ಹೊರಬಂದಿದೆ. ಚೀಲವನ್ನು ತಕ್ಷಣ ಬಿಚ್ಚಿದರೆ ತಣ್ಣನೆಯ ಫೆಲ್ಟಿನ ಮೇಲೆ ನೀರು ಕೂರುತ್ತದೆಯೆಂದು ಸಂಜೆಯವರೆಗೆ ಹಾಗೆಯೇ ಬಿಟ್ಟಿದ್ದೆ.

ಜುಲೈ 12

ಬೂದು ಹ್ಯಾಟಿನ ಅಂಚಿಗೆ ಬಿಗಿ ತರಿಸಬೇಕಾಗಿತ್ತು. ಕಂಬಳಿಗೆ ಹುಣಸೆ ಬೀಜದ ಸರಿ ಹಚ್ಚುವಂತೆ ಹ್ಯಾಟಿಗೆ ಅರಗು ಹಚ್ಚುತ್ತಾರೆ. ಇಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಚಪಡಾ’ ಎಂದರೆ ಅದರ ಚಕ್ಕೆಗಳನ್ನು ಕೊಡುತ್ತಾರೆ. ಅವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಅಂಚಿನ ಕೆಳಮೈಗೆ ಬ್ರಶ್ಶಿನಿಂದ ಹಚ್ಚಿದೆ. ಎರಡು ತಪ್ಪುಗಳಾದವು: ದ್ರಾವಣ ಮಂದವಾಗಿತ್ತು, ಜೊತೆಗೆ ಜೋರು ಮಳೆಯ ದಿನವನ್ನೇ ಆರಿಸಿಕೊಂಡಿದ್ದೆ. ಒಣಗುವ ಅರಗಿಗೆ ಗಾಳಿಯ ತೇವ ಸೇರಿ ಬಿಳಿಯ ಮಚ್ಚೆಗಳೆದ್ದವು. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಮೆಲ್ಲನೆ ಒರೆಸಿ ಮುಕ್ಕಾಲು ಪಾಲು ತೆಗೆದೆ. ಉಳಿದದ್ದು ಕೆಳಮೈಯಲ್ಲಿದೆ, ಎರಡನೆಯ ಸಾಲಿನ ಪ್ರೇಕ್ಷಕನಿಗೂ ಕಾಣಿಸದು.

ಜುಲೈ 19

ಮಳೆ ಬಿಡುವು ಕೊಟ್ಟ ಮಧ್ಯಾಹ್ನ, ನೀರಿನಂತೆ ತೆಳುವಾದ ಅರಗನ್ನು ಎರಡು ಬಾರಿ ಹಚ್ಚಿದೆ. ಒಣಗಿದ ಮೇಲೆ ತೇವದ ಹತ್ತಿ ಬಟ್ಟೆಯನ್ನು ನಡುವೆ ಹಾಸಿ, ಕಡಿಮೆ ಬಿಸಿಯ ಇಸ್ತ್ರಿಯಿಂದ ಅಂಚನ್ನು ಒತ್ತಿದೆ. ಈಗ ಅಂಚು ತಾನಾಗಿಯೇ ನಿಲ್ಲುತ್ತದೆ.

ಆಗಸ್ಟ್ 2

ಕಪ್ಪು ಹ್ಯಾಟನ್ನು ಅಚ್ಚಿಗೆ ಏರಿಸಿದ್ದು ಸುಲಭವಾಯಿತು. ತೂತುಗಳಿಗೆ ಮಾತ್ರ ತಾಳ್ಮೆ ಬೇಕಾಯಿತು: ಒಳಪಟ್ಟಿಯ ಮರೆಯಲ್ಲಿರುವ ಫೆಲ್ಟನ್ನು ಉಪ್ಪುಕಾಗದದಿಂದ ಕೆರೆದು, ಬಂದ ಧೂಳನ್ನು ಬಟ್ಟೆಯ ಅಂಟಿನೊಂದಿಗೆ ಕಲಸಿ, ಸೂಜಿಯ ತುದಿಯಿಂದ ತುಂಬಿದೆ. ಬಣ್ಣ ತಾನೇ ಹೊಂದಿಕೊಂಡಿತು, ಏಕೆಂದರೆ ಅದು ಅದೇ ಹ್ಯಾಟಿನ ನಾರು. ಅದನ್ನು ಹಾಕಿಕೊಳ್ಳುವ ಹುಡುಗನ ತಲೆ ಒಂದು ಸೆಂಟಿಮೀಟರ್ ಚಿಕ್ಕದು. ಒಳಪಟ್ಟಿಯ ಹಿಂದೆ ಮಡಚಿದ ಕಾಗದದ ಪಟ್ಟಿ ಸೇರಿಸಿ ಸರಿಹೊಂದಿಸಿದೆ.

ತಾಲೀಮಿನಲ್ಲಿ ಎಲ್ಲರಿಗೂ ಹೇಳಿದ್ದೇನೆ: ನೆತ್ತಿಯ ಚಿವುಟು ಹಿಡಿದು ಹ್ಯಾಟು ತೆಗೆಯಬಾರದು, ಫೆಲ್ಟು ಸೀಳುವುದು ಅಲ್ಲಿಯೇ. ಎರಡೂ ಕೈಗಳಿಂದ ಅಂಚು ಹಿಡಿದು ತೆಗೆಯಬೇಕು, ಮೇಜಿನ ಮೇಲೆ ನೆತ್ತಿ ಕೆಳಗಾಗಿ ಇಡಬೇಕು. ಕಲೆಕ್ಟರ್ ಸಾಹೇಬ ಮೂರನೆಯ ದೃಶ್ಯದಲ್ಲಿ ಕೋಪದಿಂದ ಹ್ಯಾಟು ಬಿಸಾಡುವುದಿದೆ. ನಿರ್ದೇಶಕರೊಡನೆ ಆ ಕುರಿತ ಮಾತುಕತೆ ಇನ್ನೂ ನಡೆಯುತ್ತಿದೆ.

ಲೋಕಲ್ ರೈಲಿನ ಜನಜಂಗುಳಿಯಲ್ಲಿ ಮೂರನ್ನೂ ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಯ್ಯುತ್ತಿದ್ದೇನೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳಿವೆ. ನುಸಿಗುಳಿಗೆ ಹಾಕಿಲ್ಲ, ಆ ವಾಸನೆ ಹೊತ್ತ ಹ್ಯಾಟಿನಡಿಯಲ್ಲಿ ಯಾವ ನಟನೂ ಮಾತು ಒಪ್ಪಿಸಲಾರ. ಕಪ್ಪು ಹ್ಯಾಟಿಗೆ ಹೊಸ ರಿಬ್ಬನ್ ಹೊಲಿಯುವುದು ಬಾಕಿಯಿದೆ. ಶನಿವಾರ ದಾದರಿನಲ್ಲಿ ನಾಲ್ಕು ಸೆಂ.ಮೀ. ಅಗಲದ, ಅಡ್ಡಗೆರೆಯ ನೇಯ್ಗೆಯದನ್ನು ಹುಡುಕಬೇಕು.